ಅಪ್‌ಡೇಟ್: ಕೊನೆಗೂ ಕಿಲ್ಟ್ ಒಳಗೆ ಲೆಗ್ಗಿಂಗ್ಸ್ ಹಾಕಿದೆನಾ?

ಜನವರಿಯಲ್ಲಿ ಸ್ಕಾಟ್ಲೆಂಡ್‌ನ ಇನ್ವರ್ನೆಸ್‌ನಲ್ಲಿ ಗೆಳೆಯನ ಮದುವೆ, ಚಳಿಗೆ ಬಾಡಿಗೆ ಕಿಲ್ಟ್ (ಅಲ್ಲಿನ ಗಂಡಸರು ಉಡೋ ಮಂಡಿವರೆಗಿನ ನೆರಿಗೆ ಲಂಗ) ಒಳಗೆ ಲೆಗ್ಗಿಂಗ್ಸ್ ಹಾಕಲಾ ಅಂತ ಕೇಳಿದ್ದೆ ಅಲ್ವಾ? ಹಾಕಲಿಲ್ಲ.

ಹೊರಡೋ ಮುಂಚೆ ಹಾಕಿ ಕನ್ನಡಿ ನೋಡಿದೆ. ಕೆಳಗೆ ಕೆನೆಬಣ್ಣದ ಉಣ್ಣೆ ಕಾಲುಚೀಲ, ಮೇಲೆ ಕಿಲ್ಟ್, ನಡುವೆ ಎರಡಿಂಚು ಕಪ್ಪು ಪಟ್ಟಿ. ಮಂಡಿನೋವಿಗೆ ಬ್ಯಾಂಡೇಜ್ ಸುತ್ತಿದ ಹಾಗಿತ್ತು! ಬಿಚ್ಚಿ, ಗಿಡ್ಡ ಸೈಕ್ಲಿಂಗ್ ಚಡ್ಡಿ ಹಾಕಿಕೊಂಡೆ. ಬಾಡಿಗೆ ಬಟ್ಟೆ ಒಳಗೆ ಏನೂ ಇಲ್ಲದೆ ಇರೋದು ನನ್ನಿಂದ ಆಗದ ಮಾತು.

ಕಿಲ್ಟ್ ಅಂದ್ರೆ 8 ಗಜದ ಉಣ್ಣೆ, ಹಿಂಭಾಗದಲ್ಲೆಲ್ಲಾ ದಪ್ಪ ನೆರಿಗೆ. ಸೊಂಟ, ತೊಡೆಗೆ ಚಳಿ ಗೊತ್ತೇ ಆಗಲಿಲ್ಲ. ಫೋಟೋಗೆ ಹೊರಗೆ ನಿಂತಾಗ ಮಂಡಿ ಮಾತ್ರ ಮರಗಟ್ಟಿತು. ರಾತ್ರಿ ಕೇಯ್ಲಿ ಅನ್ನೋ ಅಲ್ಲಿನ ಸಾಂಪ್ರದಾಯಿಕ ಗುಂಪು ಕುಣಿತದಲ್ಲಿ ಗಿರಗಿರ ತಿರುಗುವಾಗ ಮಾನ ಕಾಪಾಡಿದ್ದು ಆ ಚಡ್ಡಿಯೇ.

ಲೆಗ್ಗಿಂಗ್ಸ್ ದಂಡವಾಗಲಿಲ್ಲ, ಹೆಂಡತಿ ಸೀರೆಯೊಳಗೆ ಹಾಕಿಕೊಂಡಳು.