ಅಪ್‌ಡೇಟ್: ಕಾರು ಜಗ್ಗುತ್ತಿದ್ದದ್ದು ಗೇರ್‌ಬಾಕ್ಸ್‌ನಿಂದಲ್ಲ

ನನ್ನ ಪೆಟ್ರೋಲ್ ಆಟೊಮ್ಯಾಟಿಕ್ ಕಾರು ಶಿರಾಡಿ ಘಾಟಿ ಹತ್ತುವಾಗ ಜಗ್ಗುತ್ತದೆ, ಗೇರ್‌ಬಾಕ್ಸ್ ಹೋಗಿದೆಯಾ ಅಂತ ಕೇಳಿದ್ದೆ ಅಲ್ವಾ? ಈಗ ಸರಿಹೋಗಿದೆ. ಗೇರ್‌ಬಾಕ್ಸ್ ಬಿಚ್ಚಲೇ ಇಲ್ಲ.

ಮೊದಲು ಗೇರ್‌ಬಾಕ್ಸ್ ಆಯಿಲ್ ಬದಲಿಸಿದೆವು. ಹಳೇ ಆಯಿಲ್ ಕಪ್ಪಾಗಿತ್ತು, ಗೇರ್ ಬೀಳುವುದು ಸ್ವಲ್ಪ ನಯವಾಯಿತು, ಆದರೆ ಜಗ್ಗುವುದು ನಿಲ್ಲಲಿಲ್ಲ. ಇಂಜಿನ್ ಮೌಂಟ್‌ಗಳೂ (ಇಂಜಿನ್ ಹಿಡಿದಿಡುವ ರಬ್ಬರ್ ಆಧಾರಗಳು) ಚೆನ್ನಾಗಿದ್ದವು.

ಕೆಲಸಕ್ಕೆ ಬಂದದ್ದು "ಇಗ್ನಿಷನ್ ಕಾಯಿಲ್ ನೋಡಿಸಿ" ಅಂದವರ ಮಾತು (ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರಲು ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ ಅದು). ಅವರಿಗೆ ತುಂಬಾ ಥ್ಯಾಂಕ್ಸ್. ಕಾರಿನ ದೋಷ ಓದುವ ಸ್ಕ್ಯಾನರ್ ಹಾಕಿದರೆ ಪಿ0302 ಕೋಡ್ ಬಂತು, ಅಂದರೆ 2ನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ). ಸುಮ್ನೆ ಹೊಸ ಪಾರ್ಟ್ ತರಿಸದೆ, ಮೆಕ್ಯಾನಿಕ್ 2 ಮತ್ತು 3ನೇ ಸಿಲಿಂಡರ್‌ಗಳ ಕಾಯಿಲ್ ಅದಲುಬದಲು ಮಾಡಿ, ಕೋಡ್ ಅಳಿಸಿ, ಏರಿನಲ್ಲಿ ಓಡಿಸಿದರು. ಈಗ ಬಂದದ್ದು ಪಿ0303, ಅಂದರೆ 3ನೇ ಸಿಲಿಂಡರ್! ಕಾಯಿಲ್ ಜೊತೆ ತೊಂದರೆಯೂ ಜಾಗ ಬದಲಿಸಿತ್ತು. ಬಿಚ್ಚಿ ನೋಡಿದರೆ ಅದರ ರಬ್ಬರ್ ಬೂಟ್ (ಸ್ಪಾರ್ಕ್ ಪ್ಲಗ್ ಮೇಲೆ ಕೂರುವ ಕವಚ) ಮೇಲೆ ಕೂದಲೆಳೆಯಷ್ಟು ಬಿರುಕು, ಪಕ್ಕದಲ್ಲೇ ಸುಟ್ಟ ಗೆರೆ. ಆ ಒಂದು ಕಾಯಿಲ್ ಮತ್ತು ಎಲ್ಲ ಸ್ಪಾರ್ಕ್ ಪ್ಲಗ್ ಬದಲಿಸಿದ ಮೇಲೆ ಘಾಟಿಯಲ್ಲಿ ಆರಾಮಾಗಿ ಹತ್ತಿತು.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಯಾಕೆ? ಆಗ ಸಿಲಿಂಡರ್ ಒಳಗೆ ಒತ್ತಡ ಜಾಸ್ತಿ, ಕಿಡಿ ಹಾರಲು ವೋಲ್ಟೇಜ್ ಕೂಡ ಜಾಸ್ತಿ ಬೇಕು. ಬಿರುಕಿದ್ದರೆ ಕರೆಂಟ್ ಅಲ್ಲೇ ಸೋರಿಹೋಗುತ್ತದೆ. ನಿಂತಲ್ಲಿ ಇಂಜಿನ್ ಓಡುವಾಗ ಏನೂ ಗೊತ್ತಾಗುವುದಿಲ್ಲ.

ಇದೇ ತೊಂದರೆ ಇರುವವರು ಮ್ಯಾನುಯಲ್ ಮೋಡ್‌ನಲ್ಲಿ ಒಂದೇ ಗೇರ್ ಹಿಡಿದು ಏರು ಹತ್ತಿಸಿ ನೋಡಿ. ಗೇರ್ ಬದಲಾಗದೆಯೂ ಜಗ್ಗಿದರೆ ಮೊದಲು ಇಂಜಿನ್ ಕಡೆ ಹುಡುಕಿ. ಚೆಕ್ ಇಂಜಿನ್ ಲೈಟ್ ಮಿನುಗುತ್ತಿದ್ದರೆ ಮಾತ್ರ ಜೋರಾಗಿ ಓಡಿಸಬೇಡಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗಬಹುದು.