ಕೊಲಂಬೊದಿಂದ ಮಾಲೆಗೆ ಬರೀ 50 ನಿಮಿಷವಾ?

ಪ್ರಶ್ನೆ
ಮುಂದಿನ ತಿಂಗಳು ಅತ್ತೆ, ಮಾವನ ಜೊತೆ ಕೊಲಂಬೊದಲ್ಲಿ ಎರಡು ದಿನ ಇದ್ದು ಮಾಲ್ಡೀವ್ಸ್‌ಗೆ ಹೋಗುತ್ತಿದ್ದೇವೆ. ಟಿಕೆಟ್‌ನಲ್ಲಿ ಕೊಲಂಬೊ ಬಿಡುವುದು ಸಂಜೆ 7:10, ಮಾಲೆ ತಲುಪುವುದು 8:00 ಎಂದಿದೆ. ವಾಪಸ್ ಬರುವಾಗ ಬೆಳಿಗ್ಗೆ 9:30ಕ್ಕೆ ಹೊರಟು 11:20ಕ್ಕೆ ಇಳಿಯುತ್ತದೆ. ಒಂದೇ ದಾರಿಗೆ ಇಷ್ಟು ವ್ಯತ್ಯಾಸ ಯಾಕೆ? ಅತ್ತೆ ಇದುವರೆಗೆ ವಿಮಾನ ಹತ್ತಿಲ್ಲ. "ಸಮುದ್ರದ ಮೇಲೆ ಎಷ್ಟು ಹೊತ್ತು ಇರ್ತೀವಿ?" ಎಂದು ದಿನಾ ಕೇಳುತ್ತಾರೆ. ಅವರಿಗೆ ಸರಿಯಾದ ಉತ್ತರ ಕೊಡಬೇಕು.

ಉತ್ತರ 1
ಟಿಕೆಟ್ ಸರಿಯಾಗೇ ಇದೆ. ಶ್ರೀಲಂಕಾದ ಸಮಯ ನಮ್ಮದೇ. ಮಾಲೆಯ ಗಡಿಯಾರ ಅರ್ಧ ಗಂಟೆ ಹಿಂದೆ. ಎರಡೂ ಕಡೆಗೆ 1 ಗಂಟೆ 20 ನಿಮಿಷವೇ. ನೇರ ದೂರ ಸುಮಾರು 775 ಕಿ.ಮೀ., ಬೆಂಗಳೂರು–ಮುಂಬೈ ಹಾರಾಟಕ್ಕಿಂತ ಸ್ವಲ್ಪ ಕಮ್ಮಿ.

ಉತ್ತರ 2
ನಾನು ಮಾಲೆಯಲ್ಲಿ ಆರು ವರ್ಷ ಟೀಚರ್ ಆಗಿದ್ದೆ. ರಜೆಗೆ ಊರಿಗೆ ಬರುವಾಗ ಕೊಲಂಬೊದಲ್ಲೇ ವಿಮಾನ ಬದಲಿಸುತ್ತಿದ್ದೆ. ಒಮ್ಮೆ ಕೈಗಡಿಯಾರ ತಿದ್ದಲು ಮರೆತೆ. ಇನ್ನೂ ಅರ್ಧ ಗಂಟೆ ಇದೆ ಎಂದು ಚಹಾ ಕುಡಿಯುತ್ತಾ ಕೂತಿದ್ದೆ. ನನ್ನ ಹೆಸರು ಕೂಗಿದಾಗ ಎದೆ ಧಸಕ್ ಎಂದಿತು. ಓಡಿ ಹೋಗಿ ಹತ್ತಿದೆ. ಹಿರಿಯರ ಕೈಯಲ್ಲಿ ಗಡಿಯಾರ ಇದ್ದರೆ ಇಳಿದ ತಕ್ಷಣ ನೀವೇ ತಿದ್ದಿಬಿಡಿ.

ಈಗ ಅತ್ತೆಯ ಪ್ರಶ್ನೆ. ಕೊಲಂಬೊ ವಿಮಾನ ನಿಲ್ದಾಣ ಇರುವುದು ಕಟುನಾಯಕೆಯಲ್ಲಿ, ಪಶ್ಚಿಮ ಕರಾವಳಿಯ ಹತ್ತಿರ. ಮೇಲೇರಿದ ಸ್ವಲ್ಪ ಹೊತ್ತಿಗೇ ನೆಲ ಮುಗಿಯುತ್ತದೆ. ಆಮೇಲೆ ಹೆಚ್ಚುಕಮ್ಮಿ ಒಂದು ಗಂಟೆ ಬರೀ ನೀರು. ಇಳಿಯುವ ಜಾಗವನ್ನು ಮೊದಲೇ ಹೇಳಿಡಿ. ಮಾಲೆಯ ವಿಮಾನ ನಿಲ್ದಾಣವೇ ಹುಳುಲೆ ಎಂಬ ದ್ವೀಪದಲ್ಲಿದೆ. ಕೊನೆಯವರೆಗೂ ಕಿಟಕಿಯಲ್ಲಿ ಸಮುದ್ರವೇ ಕಾಣುತ್ತದೆ, ನೀರಿಗೇ ಇಳಿದುಬಿಟ್ಟೆವು ಅನ್ನಿಸುತ್ತದೆ. ನನ್ನ ಅಮ್ಮ ಮೊದಲ ಸಲ ಬಂದಾಗ ನನ್ನ ಕೈ ಬಿಡಲೇ ಇಲ್ಲ. ಹಗಲಾದರೆ ಹವಳದ ದಿಬ್ಬಗಳು ತಿಳಿ ಹಸಿರಾಗಿ ಕಾಣುತ್ತವೆ, ಅದನ್ನು ನೋಡುತ್ತಾ ಭಯ ಮರೆಯುತ್ತದೆ.

ನಿಮ್ಮ ರೆಸಾರ್ಟ್‌ಗೆ ಸೀಪ್ಲೇನ್‌ನಲ್ಲಿ (ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ) ಹೋಗಬೇಕಾ? ಅದು ಕತ್ತಲಾದ ಮೇಲೆ ಹಾರುವುದಿಲ್ಲ. 8 ಗಂಟೆಗೆ ಇಳಿದರೆ ಆ ರಾತ್ರಿ ಅಲ್ಲೇ ಉಳಿಯಬೇಕು. ಟಿಕೆಟ್ ಹಗಲಿಗೆ ಬದಲಿಸಲು ಆದರೆ ಬದಲಿಸಿ. ಇಲ್ಲವಾದರೆ ಹುಳುಮಾಲೆಯಲ್ಲಿ ರೂಮ್ ಮಾಡಿ. ಅದು ಸಮುದ್ರಕ್ಕೆ ಮರಳು ತುಂಬಿ ಕಟ್ಟಿದ ಊರು, ನಿಲ್ದಾಣದಿಂದ ರಸ್ತೆ ಇದೆ. ವಯಸ್ಸಾದವರನ್ನು ರಾತ್ರಿ ದೋಣಿ ಹತ್ತಿಸುವುದು ತಪ್ಪುತ್ತದೆ.

ಉತ್ತರ 3
ಹೊರಡುವ ಮುಂಚಿನ 96 ಗಂಟೆಯೊಳಗೆ ಮಾಲ್ಡೀವ್ಸ್‌ನ 'ಇಮುಗಾ' ಫಾರಂ (ಪ್ರಯಾಣಿಕರ ವಿವರ ಕೊಡುವ ಫಾರಂ) ಆನ್‌ಲೈನ್‌ನಲ್ಲಿ ತುಂಬಿ, ಅತ್ತೆ ಮಾವನದ್ದೂ ಸೇರಿಸಿ. ಕೊಲಂಬೊ ಊರಿನಿಂದ ಕಟುನಾಯಕೆ ಸುಮಾರು 30 ಕಿ.ಮೀ. ದೂರ. 2013ರಲ್ಲಿ ಆದ ಎಕ್ಸ್‌ಪ್ರೆಸ್‌ವೇಯಲ್ಲೇ ಹೋಗಿ, ಹಳೆಯ ರಸ್ತೆ ಬೇಡ.

ಪ್ರಶ್ನೆ ಕೇಳಿದವರು
ಸೀಪ್ಲೇನ್ ವಿಷಯ ಯಾರೂ ಹೇಳಿರಲಿಲ್ಲ, ತುಂಬಾ ಉಪಕಾರವಾಯಿತು ಟೀಚರ್. ಹಗಲಿನ ಟಿಕೆಟ್ ಸಿಗಲಿಲ್ಲ. ಹುಳುಮಾಲೆಯಲ್ಲಿ ರೂಮ್ ಹಿಡಿದೆ. ಅತ್ತೆಗೆ ಎಲ್ಲಾ ವಿವರಿಸಿದೆ. "ತುಮಕೂರಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋದಷ್ಟೇ ಹೊತ್ತಾ?" ಎಂದರು. ಹೌದು ಎಂದೆ. ಇವತ್ತು ಆ ಪ್ರಶ್ನೆ ಕೇಳಿಲ್ಲ.