ಸ್ವಯಂಸೇವಕರ ತಾಂತ್ರಿಕ ನೆರವಿನ ತಾಣಕ್ಕೆ ಜನ ಬರಬೇಕು, ಬಂದವರು ಕೈಜೋಡಿಸಬೇಕು: ಮೂರು ಜಿಲ್ಲೆಗಳ ಅನುಭವ

ಗಂಗಾವತಿಯಿಂದ ಬಂದ ಕೋರಿಕೆ

ಕೆಲವು ಶಿಕ್ಷಕರು, ಡಿಟಿಪಿ ಕೆಲಸ ಮಾಡುವ ಒಬ್ಬ ಗೆಳೆಯರು ಹಾಗೂ ಎಂಜಿನಿಯರಿಂಗ್ ಓದುತ್ತಿರುವ ವಿದ್ಯಾರ್ಥಿಗಳು ಸೇರಿ, ಮೊಬೈಲ್, ಕಂಪ್ಯೂಟರ್ ಮತ್ತು ಆನ್‌ಲೈನ್ ಅರ್ಜಿಗಳ ತೊಂದರೆಗಳಿಗೆ ಕನ್ನಡದಲ್ಲಿ ಉಚಿತವಾಗಿ ಪರಿಹಾರ ಹೇಳುವ ತಾಣವೊಂದನ್ನು ನಡೆಸುತ್ತಿದ್ದೇವೆ. ಓದುಗರ ಸಂಖ್ಯೆ ಏರುತ್ತಿಲ್ಲ. ಬಂದವರು ಉತ್ತರ ಪಡೆದು ಹೋದರೆ ಮತ್ತೆ ಇತ್ತ ಸುಳಿಯುವುದಿಲ್ಲ. ಹೆಸರು ನೋಂದಾಯಿಸಿದ ಸದಸ್ಯರಲ್ಲಿ ಬಹುಪಾಲು ಜನ ಒಂದಕ್ಷರವನ್ನೂ ಬರೆದಿಲ್ಲ. ಉತ್ತರಿಸುವ ಹೊರೆಯೆಲ್ಲ ನಾಲ್ಕೈದು ಮಂದಿಯ ಮೇಲೆ ಬಿದ್ದಿದೆ. ಜಾಹೀರಾತಿಗೆ ಹಣವಿಲ್ಲ. ಇಂಥ ಕೆಲಸ ಮಾಡಿ ಬಲ್ಲವರು ತಮಗೆ ಫಲ ಕೊಟ್ಟದ್ದು ಯಾವುದು, ಕೊಡದೇ ಹೋದದ್ದು ಯಾವುದು ಎಂಬುದನ್ನು ದಯವಿಟ್ಟು ತಿಳಿಸಬೇಕು.

ರಾಯಚೂರಿನಿಂದ

ಓದುಗರು ಬರುತ್ತಿಲ್ಲ ಎಂಬ ಚಿಂತೆಯನ್ನೂ ಸದಸ್ಯರು ಬರೆಯುತ್ತಿಲ್ಲ ಎಂಬ ಚಿಂತೆಯನ್ನೂ ಬೇರೆ ಬೇರೆಯಾಗಿ ನೋಡಬೇಡಿ ಎಂದು ಮೊದಲಿಗೇ ವಿನಂತಿಸುತ್ತೇನೆ. ನಮ್ಮ ಗುಂಪು ರಾಯಚೂರು, ಮಾನ್ವಿ, ಸಿಂಧನೂರು ಕಡೆಯವರಿಗೆ ಇಂಥದೇ ನೆರವು ನೀಡುತ್ತ ಬಂದಿದೆ. ಹೊಸ ಓದುಗರನ್ನು ನಮ್ಮಲ್ಲಿಗೆ ಕರೆತಂದದ್ದು ಅರ್ಧಕ್ಕೆ ನಿಲ್ಲದೆ ಕೊನೆ ಮುಟ್ಟಿದ ಉತ್ತರಗಳು. ಆ ಉತ್ತರಗಳನ್ನು ಕೊನೆ ಮುಟ್ಟಿಸಿದವರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ ಪ್ರಶ್ನೆ ಕೇಳಲು ಬಂದವರೇ.

ಪುಟಗಳಿಗೆ ಕೊಡುವ ಶೀರ್ಷಿಕೆಯ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಖರ್ಚಿಲ್ಲದೆ ಹೆಚ್ಚು ಫಲ ಕಂಡದ್ದು ಅಲ್ಲಿ. ತಂತ್ರಜ್ಞಾನ ಬಲ್ಲವರು ಶೀರ್ಷಿಕೆ ಕೊಟ್ಟರೆ ಅದರಲ್ಲಿ ತೊಂದರೆಯ ಕಾರಣ ಇರುತ್ತದೆ. ಹುಡುಕುವವರಿಗೆ ಗೊತ್ತಿರುವುದು ಕಣ್ಣಿಗೆ ಕಾಣುವ ಲಕ್ಷಣ ಮಾತ್ರ. ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪಿಂಗ್ ತಂತ್ರಾಂಶವಾದ ‘ನುಡಿ’ಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ ಅರ್ಜಿಯನ್ನು ಪೆನ್‌ಡ್ರೈವ್‌ನಲ್ಲಿ ತಂದು ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದರೆ, ಕನ್ನಡ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲೆಸಿದ ಸಾಲುಗಳು ಕಾಣುತ್ತವೆ. ಆ ಫಾಂಟುಗಳು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಜಾಗತಿಕ ಕ್ರಮ) ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡ ಅಕ್ಷರದ ತುಣುಕುಗಳನ್ನು ಕೂರಿಸಿರುತ್ತಾರೆ, ಆದ್ದರಿಂದ ಅದೇ ಫಾಂಟ್ ಇಲ್ಲದ ಕಂಪ್ಯೂಟರ್ ಅವನ್ನು ಇಂಗ್ಲಿಷ್ ಎಂದೇ ಓದುತ್ತದೆ. ಈ ವಿವರಣೆ ನಮ್ಮಲ್ಲಿ ‘ಯೂನಿಕೋಡೇತರ ಫಾಂಟುಗಳ ಎನ್‌ಕೋಡಿಂಗ್ ಸಮಸ್ಯೆ’ ಎಂಬ ಶೀರ್ಷಿಕೆಯಡಿ ಇದ್ದಾಗ ಓದಿದವರು ವಿರಳ. ‘ನುಡಿಯಲ್ಲಿ ಟೈಪ್ ಮಾಡಿದ ಫೈಲ್ ಬೇರೆ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ ತೋರಿಸುತ್ತಿದೆ, ಏನು ಮಾಡಬೇಕು?’ ಎಂದು ಬದಲಿಸಿ, ಅದೇ ಫಾಂಟ್ ಹಾಕಿಕೊಳ್ಳಿ ಇಲ್ಲವೇ ಪಠ್ಯವನ್ನು ಪರಿವರ್ತಕದ ಮೂಲಕ ಯೂನಿಕೋಡ್‌ಗೆ ತನ್ನಿ ಎಂಬ ಪರಿಹಾರವನ್ನು ಮೊದಲ ಎರಡು ಸಾಲಿನಲ್ಲಿಯೇ ಹೇಳಿ, ಕಾರಣವನ್ನು ಕೆಳಗಿಟ್ಟೆವು. ಇಂದು ನಮ್ಮಲ್ಲಿ ಹೆಚ್ಚು ಓದಿಸಿಕೊಳ್ಳುವ ಪುಟಗಳಲ್ಲಿ ಅದೂ ಒಂದು.

ಕೇಳಿದವರ ಮಾತನ್ನು ಶುದ್ಧ ಮಾಡುವ ಆಸೆಯಿಂದ ಪೂರ್ತಿ ಅಳಿಸಲೂಬೇಡಿ. ‘ಒಟಿಪಿ ಬರವಲ್ದು’, ‘ಸ್ಕಾಲರ್‌ಶಿಪ್ ರೊಕ್ಕ ಬಿದ್ದಿಲ್ಲ’ ಎಂದು ಒಬ್ಬರು ಕೇಳಿದ್ದರೆ ಇನ್ನೊಬ್ಬರು ಮೈಕ್ ಒತ್ತಿ ಗೂಗಲ್‌ಗೆ ಹೇಳುವುದೂ ಅದನ್ನೇ. ಯುವಕರಲ್ಲಿ ಅನೇಕರು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದು ಹುಡುಕುತ್ತಾರೆ. ಪ್ರಶ್ನೆಯ ಮೂಲರೂಪ ಹಾಗೆಯೇ ಇರಲಿ. ಶೀರ್ಷಿಕೆ ಮತ್ತು ಉತ್ತರ ಎಲ್ಲರಿಗೂ ತಿಳಿಯುವ ಕನ್ನಡದಲ್ಲಿರಲಿ.

ಹೀಗೆ ಊಹೆಯ ಮೇಲೆ ನಡೆಯುವ ಅಗತ್ಯವೂ ಇಲ್ಲ. ಗೂಗಲ್ ಸರ್ಚ್ ಕನ್ಸೋಲ್ ಉಚಿತವಾಗಿ ಸಿಗುತ್ತದೆ. ತಾಣ ನಿಮ್ಮದೆಂದು ದೃಢಪಡಿಸಿದರೆ, ಜನ ಯಾವ ಪದಗಳಿಂದ ಹುಡುಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟು ಜನ ಅದನ್ನು ಒತ್ತಿದರು ಎಂಬ 16 ತಿಂಗಳವರೆಗಿನ ವಿವರ ಅಲ್ಲಿರುತ್ತದೆ. ಬಹಳ ಬಾರಿ ಕಾಣಿಸಿಯೂ ಯಾರೂ ಒತ್ತದ ಪುಟಗಳನ್ನು ತಿಂಗಳಿಗೊಮ್ಮೆ ಆರಿಸಿ ಅವುಗಳ ಶೀರ್ಷಿಕೆ ಮತ್ತು ಮೊದಲ ಸಾಲನ್ನಷ್ಟೇ ತಿದ್ದಿ. ಹೊಸ ಪುಟ ಬರೆಯುವುದಕ್ಕಿಂತ ಇದು ಹೆಚ್ಚು ಫಲದಾಯಕ ಎಂಬುದು ನನ್ನ ದೃಢ ಅಭಿಪ್ರಾಯ. ಮೊಬೈಲಿನಲ್ಲಿ ಪುಟ ಹಗುರವಾಗಿ ತೆರೆಯುತ್ತದೆಯೇ ಎಂದೂ ನೋಡಿಕೊಳ್ಳಿ. ಗೂಗಲ್ ಈಗ ಪುಟದ ಮೊಬೈಲ್ ರೂಪವನ್ನೇ ಆಧರಿಸಿ ಅದನ್ನು ತನ್ನ ಸೂಚಿಗೆ ಸೇರಿಸಿಕೊಳ್ಳುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಪ್ರಶ್ನೆಗಳು ಹುಟ್ಟುವುದೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಅದರಲ್ಲೂ ಧ್ವನಿಸಂದೇಶಗಳಾಗಿ. ಅಲ್ಲಿ ಕೊಟ್ಟ ಉತ್ತರವನ್ನು ಯಾವ ಸರ್ಚ್ ಎಂಜಿನ್ನೂ ಓದಲಾರದು; ನಾಳೆ ಅದೇ ಪ್ರಶ್ನೆ ಮತ್ತೆ ಬಂದಾಗ ಮತ್ತೆ ಮೊದಲಿನಿಂದ ಹೇಳಬೇಕು. ಆದ್ದರಿಂದ ಗುಂಪಿನಲ್ಲಿ ಕೇಳಿದ್ದನ್ನು ಒಬ್ಬರು ತಾಣದಲ್ಲಿ ಬರೆದು, ಉತ್ತರವನ್ನೂ ಅಲ್ಲಿಯೇ ಕೊಟ್ಟು, ಅದರ ಲಿಂಕನ್ನು ಗುಂಪಿಗೆ ಕಳಿಸುವ ಪದ್ಧತಿಯನ್ನು ರೂಢಿಸಿಕೊಳ್ಳಿ. ಲಿಂಕಿನೊಡನೆ ಪುಟದ ಹೆಸರೂ ಚಿಕ್ಕ ಚಿತ್ರವೂ ಕಾಣುವಂತೆ ಮಾಡಿಟ್ಟರೆ ಜನ ಅದನ್ನು ನಂಬಿ ತೆರೆಯುತ್ತಾರೆ, ಇತರರಿಗೂ ಕಳಿಸುತ್ತಾರೆ. ಬರೀ ವಿಳಾಸವಿರುವ ಲಿಂಕನ್ನು ಒತ್ತಲು ಈಗ ಎಲ್ಲರೂ ಹೆದರುತ್ತಾರೆ, ಹೆದರಬೇಕಾದ್ದೂ ಸರಿಯೇ.

ಪ್ರಶ್ನೆಗಳಿಗೆ ಋತುಮಾನವಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶಗಳ ಬೆನ್ನಿಗೆ ಜಾತಿ-ಆದಾಯ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರ ಮೀಸಲಾತಿಗಾಗಿ ಸಂವಿಧಾನದ 371-ಜೆ ಅಡಿ ಕೊಡುವ ಪ್ರಮಾಣಪತ್ರ, ಫೋಟೋ ಮತ್ತು ಸಹಿಯನ್ನು ಇಷ್ಟೇ ಕೆಬಿಗೆ ಇಳಿಸುವುದು ಹೇಗೆ ಎಂಬ ಪ್ರಶ್ನೆಗಳು ಒಟ್ಟಿಗೇ ಬರುತ್ತವೆ. ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯ ಆ್ಯಪ್‌ನ ತೊಂದರೆಗಳು. ಆ ಪುಟಗಳು ಮುಂಚಿತವಾಗಿಯೇ ಸಿದ್ಧವಿರಬೇಕು. ಪ್ರತಿ ವರ್ಷ ಹೊಸ ಪುಟ ತೆರೆಯದೆ ಹಳೆಯ ವಿಳಾಸದಲ್ಲಿಯೇ ತಿದ್ದುತ್ತ ಹೋಗಿ, ಕೊನೆಯ ಬಾರಿ ಪರಿಶೀಲಿಸಿದ ದಿನಾಂಕವನ್ನು ಮೇಲೆಯೇ ಹಾಕಿ.

ಕೊಪ್ಪಳದಿಂದ

ರಾಯಚೂರಿನ ಗೆಳೆಯರು ಓದುಗರ ವಿಷಯವನ್ನು ಚೆನ್ನಾಗಿ ಹೇಳಿದ್ದಾರೆ. ನಾನು ಸದಸ್ಯರ ಬಗ್ಗೆ ಬರೆಯುತ್ತೇನೆ. ಬಹುಪಾಲು ಸದಸ್ಯರು ಬರೆಯುವುದಿಲ್ಲ ಎಂಬುದು ನಿಮ್ಮೊಬ್ಬರ ಕೊರತೆಯೆಂದು ಕುಗ್ಗಬೇಡಿ. ಇಂಥ ಸಮುದಾಯಗಳಲ್ಲಿ ನೂರಕ್ಕೆ 90 ಮಂದಿ ಓದುವವರು, 9 ಮಂದಿ ಆಗೀಗ ಬರೆಯುವವರು, ಒಬ್ಬರು ಮಾತ್ರ ಹೆಚ್ಚಿನ ಕೆಲಸ ಹೊರುವವರು ಎಂದು ಜೇಕಬ್ ನೀಲ್ಸನ್ ಎಂಬ ತಜ್ಞರು 2006ರಲ್ಲಿಯೇ ಬರೆದಿದ್ದರು. ಅದು ಸ್ಥೂಲ ಅಂದಾಜು, ಆದರೆ ನಮ್ಮ ಅನುಭವ ಅದಕ್ಕೆ ಹತ್ತಿರವಾಗಿಯೇ ಇದೆ. ಮೌನವಾಗಿರುವ ಎಲ್ಲರನ್ನೂ ಉತ್ತರಿಸುವವರನ್ನಾಗಿ ಮಾಡುವ ಗುರಿಯನ್ನು ಬಿಟ್ಟು, ಅವರ ಕೈಲಾಗುವ ಚಿಕ್ಕ ಕೆಲಸವನ್ನು ಅವರ ಮುಂದಿಡಬೇಕು.

ಆ ಚಿಕ್ಕ ಕೆಲಸ ಯಾವುದೆಂದು ಒಂದು ಪ್ರಸಂಗದಿಂದ ಹೇಳುತ್ತೇನೆ. ಕುಷ್ಟಗಿ ಕಡೆಯ ವಿದ್ಯಾರ್ಥಿನಿಯೊಬ್ಬಳು ವಿದ್ಯಾರ್ಥಿವೇತನ ಮಂಜೂರಾಗಿದೆ ಎಂದು ತೋರಿಸುತ್ತಿದ್ದರೂ ಖಾತೆಗೆ ಬಂದಿಲ್ಲ ಎಂದು ಕೇಳಿದ್ದಳು. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ಸರ್ಕಾರದ ನೇರ ಜಮೆಗಾಗಿ, ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಪಟ್ಟಿಯಲ್ಲಿ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ಬೇರೆ; ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೇ ಹಣ ಹೋಗುತ್ತದೆ, ಆಧಾರ್‌ನ ಅಧಿಕೃತ ತಾಣದಲ್ಲಿ ನೋಡು ಎಂದು ನಮ್ಮವರು ಉತ್ತರಿಸಿದರು. ಪ್ರಶ್ನೆ ಅಲ್ಲಿಗೆ ನಿಂತಿತು. ಒಂದು ವಾರದ ಬಳಿಕ ‘ಏನಾಯಿತಮ್ಮ, ತಿಳಿಸುವೆಯಾ?’ ಎಂದು ಒಬ್ಬರು ವಿಚಾರಿಸಿದ ಮೇಲೆ ಆಕೆ ಬರೆದಳು: ಪ್ರೌಢಶಾಲೆಯಲ್ಲಿದ್ದಾಗ ತೆರೆಸಿದ್ದ ಬೇರೊಂದು ಬ್ಯಾಂಕಿನ ಖಾತೆಗೆ ಹಣ ಬಂದು ಕೂತಿತ್ತು, ಪಾಸ್‌ಬುಕ್ ಹುಡುಕಿ ತೆಗೆಸಿಕೊಂಡೆ, ಮರೆತುಹೋದ ಹಳೆಯ ಖಾತೆಗಳಿದ್ದರೆ ಮೊದಲು ಅವನ್ನು ನೋಡಿ. ಆ ಸಾಲುಗಳಿಂದ ಉತ್ತರ ಪೂರ್ಣವಾಯಿತು. ತಾನು ಬರೆದದ್ದನ್ನು ಓದಿ ಬೇರೆಯವರು ವಂದನೆ ಹೇಳಿದ್ದನ್ನು ಕಂಡ ಆ ಹುಡುಗಿ ಮುಂದೆ ವಿದ್ಯಾರ್ಥಿವೇತನದ ಪ್ರಶ್ನೆಗಳಿಗೆ ತಾನೇ ಉತ್ತರಿಸತೊಡಗಿದಳು.

ಹಾಗಾಗಿ ‘ಸರಿಹೋಯಿತೇ?’ ಎಂದು ಮರಳಿ ವಿಚಾರಿಸುವ ಹೊಣೆಯನ್ನು ಒಬ್ಬರಿಗೆ ಖಚಿತವಾಗಿ ವಹಿಸಿ. ಮಾಡಿ ನೋಡಿದೆ, ಆಯಿತು ಅಥವಾ ಆಗಲಿಲ್ಲ ಎಂದು ಹೇಳುವುದು, ತನ್ನ ಮೊಬೈಲಿನಲ್ಲಿ ಆ ಆಯ್ಕೆ ಎಲ್ಲಿದೆ ಎಂಬುದರ ಸ್ಕ್ರೀನ್‌ಶಾಟ್ ಹಾಕುವುದು, ಹಳೆಯದಾದ ಪುಟವನ್ನು ಗುರುತಿಸುವುದು, ಇವೆಲ್ಲ ಪಾಲ್ಗೊಳ್ಳುವಿಕೆಯೇ. ಕಾಲೇಜು ವಿದ್ಯಾರ್ಥಿಗಳಿಗೆ ‘ಬಿಡುವಾದಾಗ ಉತ್ತರಿಸಿ’ ಎಂದರೆ ಯಾರೂ ಬರುವುದಿಲ್ಲ. ‘ಬುಧವಾರ ಸಂಜೆ ಪ್ರಿಂಟರ್ ಪ್ರಶ್ನೆಗಳು ನಿನ್ನವು’ ಎಂದರೆ ಬರುತ್ತಾರೆ.

ಉತ್ತರಿಸಿದವರಿಗೆ ತಾಣ ಕೊಡುವ ಅಂಕ, ಪದಕಗಳ ಬಗ್ಗೆ ನನಗೆ ಅಷ್ಟಾಗಿ ನಂಬಿಕೆಯಿಲ್ಲ. 2008ರಲ್ಲಿ ಆರಂಭವಾದ, ಪ್ರೋಗ್ರಾಂ ಬರೆಯುವವರ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋ ಆ ಪದ್ಧತಿಯಿಂದ ಬೃಹತ್ತಾಗಿ ಬೆಳೆಯಿತು ನಿಜ; ಆದರೆ ಹೊಸಬರಿಗೆ ತಮ್ಮಲ್ಲಿ ಹಿತವಾದ ಸ್ವಾಗತವಿಲ್ಲ ಎಂದು 2018ರಲ್ಲಿ ಆ ಸಂಸ್ಥೆಯೇ ಬಹಿರಂಗವಾಗಿ ಬರೆದುಕೊಳ್ಳಬೇಕಾಯಿತು. ‘ಇದನ್ನು ಈಗಾಗಲೇ ಹೇಳಿದ್ದೇವೆ, ಹುಡುಕಿ ನೋಡಿ’ ಎಂಬ ಒಂದು ಸಾಲು ಹೊಸ ಸದಸ್ಯರನ್ನು ಶಾಶ್ವತವಾಗಿ ಕಳೆಯುತ್ತದೆ. ಹಳೆಯ ಉತ್ತರದ ಲಿಂಕ್ ಕೊಡಿ, ಅದರ ಸಾರವನ್ನು ಎರಡು ಸಾಲಿನಲ್ಲಿ ಹೇಳಿ, ಇನ್ನೂ ತೊಡಕಿದ್ದರೆ ಇಲ್ಲಿಯೇ ಕೇಳಿ ಎನ್ನಿ. ಪೂರ್ಣ ಉತ್ತರ ಗೊತ್ತಿಲ್ಲದಿದ್ದರೂ ‘ಪ್ರಶ್ನೆ ನೋಡಿದ್ದೇವೆ, ಯಾವ ಮಾಡೆಲ್ ಎಂದು ತಿಳಿಸಿ’ ಎಂಬ ಮೊದಲ ಮಾತು ಅದೇ ದಿನ ಹೋಗಲಿ. ಮೊದಲ ಪ್ರಶ್ನೆಗೆ ದಿನಗಟ್ಟಲೆ ಮೌನ ಸಿಕ್ಕವರು ಮರಳಿ ಬರುವುದಿಲ್ಲ.

ಬಳ್ಳಾರಿಯಿಂದ

ಮೇಲಿನ ಇಬ್ಬರೂ ಮುಟ್ಟದ ಎರಡು ಸಂಗತಿಗಳಿವೆ.

ಮೊದಲನೆಯದು ಸುರಕ್ಷತೆ. ನೆರವು ಕೇಳುವ ಆತುರದಲ್ಲಿ ಜನ ಆಧಾರ್ ಕಾರ್ಡ್, ಪಾಸ್‌ಬುಕ್ ಚಿತ್ರಗಳನ್ನು ಹಾಗೆಯೇ ಹಾಕಿಬಿಡುತ್ತಾರೆ. ಅವನ್ನು ಕೂಡಲೇ ತೆಗೆಯುವ ಅಧಿಕಾರ ಒಬ್ಬರಿಗಿಂತ ಹೆಚ್ಚು ಜನರ ಕೈಯಲ್ಲಿರಬೇಕು. ಗುರುತಿನ ಪ್ರತಿ ಬೇಕೇ ಬೇಕೆನಿಸಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇದೆ. ನಮ್ಮ ಕೆಲಸಕ್ಕೆ ಅದೂ ಬೇಕಾಗುವುದಿಲ್ಲ. ನಮ್ಮ ಸ್ವಯಂಸೇವಕರು ಒಟಿಪಿ ಕೇಳುವುದಿಲ್ಲ, ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸುವುದಿಲ್ಲ, ಹಣ ಪಡೆಯುವುದಿಲ್ಲ ಎಂಬ ಮೂರು ಮಾತುಗಳು ಪ್ರತಿ ಪುಟದಲ್ಲೂ ಇರಲಿ. ಹಣ ಕಳೆದುಕೊಂಡವರು ಬಂದರೆ ಪರಿಹಾರ ಹುಡುಕುತ್ತ ಕೂರದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಕ್ಷಣ ಕರೆ ಮಾಡಲು ಹೇಳಿ. ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲೇ ತಡೆಯಬೇಕಾದ್ದರಿಂದ ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ನಮ್ಮ ತಾಣವನ್ನು ಜನ ಮನೆಯ ಹಿರಿಯರಿಗೂ ತೋರಿಸತೊಡಗಿದ್ದು ಈ ಮೂರು ಮಾತುಗಳನ್ನು ಹಾಕಿದ ಮೇಲೆಯೇ.

ಎರಡನೆಯದು ಸೈಬರ್ ಸೆಂಟರ್, ಡಿಟಿಪಿ ಮತ್ತು ಮೊಬೈಲ್ ರಿಪೇರಿ ಅಂಗಡಿಯವರ ವಿಷಯ. ಉಚಿತ ನೆರವಿನಿಂದ ತಮ್ಮ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆಂದು ಅವರು ಮೊದಮೊದಲು ದೂರ ಉಳಿಯುತ್ತಾರೆ. ಆ ಆತಂಕವನ್ನು ಹಗುರವಾಗಿ ನೋಡಬಾರದು, ಏಕೆಂದರೆ ಅದು ಅವರ ಹೊಟ್ಟೆಪಾಡು. ಆದರೆ ಇಲ್ಲಿಯ ಜೀನ್ಸ್ ಘಟಕಗಳ ಲೇಬಲ್ ಪ್ರಿಂಟರ್ ಯಾಕೆ ಅರ್ಧ ಮುದ್ರಿಸುತ್ತದೆ, ಯಾವ ದಿನ ಯಾವ ಸರ್ಕಾರಿ ಜಾಲತಾಣ ತೆರೆಯುತ್ತಿಲ್ಲ ಎಂಬುದು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ನಾವು ಅಂಗಡಿಗಳಿಗೇ ಹೋಗಿ ಮಾತನಾಡಿದೆವು. ಸದಸ್ಯರ ಪರಿಚಯದಲ್ಲಿ ಅಂಗಡಿಯ ಹೆಸರು ಮತ್ತು ಊರು ಹಾಕಿಕೊಳ್ಳಬಹುದು, ಉತ್ತರದೊಳಗೆ ಮಾತ್ರ ಪ್ರಚಾರ ಕೂಡದು ಎಂಬ ಒಪ್ಪಂದವಾಯಿತು. ಬಿಡಿಭಾಗ ಬದಲಿಸಬೇಕಾದ ಕೆಲಸಕ್ಕೆ ಹೇಗೂ ಅಂಗಡಿಗೇ ಹೋಗಬೇಕು. ಸರಿಯಾದ ಉತ್ತರ ಕೊಟ್ಟವರ ಅಂಗಡಿಗೆ ಜನ ನಂಬಿ ಹೋಗುತ್ತಾರೆ. ಈಗ ಅವರು ತಮ್ಮ ಗಿರಾಕಿಗಳಿಗೂ ತಾಣದ ಪುಟಗಳನ್ನು ಕಳಿಸುತ್ತಾರೆ. ಹಣ ಕೊಟ್ಟು ಮಾಡಿಸಿದ ಯಾವ ಪ್ರಚಾರವೂ ನಮಗೆ ಇಷ್ಟು ಓದುಗರನ್ನು ತಂದಿಲ್ಲ.

ಗಂಗಾವತಿಯಿಂದ ಮರುಪ್ರಶ್ನೆ

ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ಶೀರ್ಷಿಕೆಗಳನ್ನು ತಿದ್ದುವುದು ಮತ್ತು ಮರಳಿ ವಿಚಾರಿಸುವ ಹೊಣೆಯನ್ನು ಹಂಚುವುದು, ಈ ಎರಡನ್ನು ಈ ವಾರವೇ ಕೈಗೆತ್ತಿಕೊಳ್ಳುತ್ತೇವೆ. ಒಂದು ಸಂದೇಹ ಉಳಿದಿದೆ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಳೆಯ ಪ್ರಶ್ನೋತ್ತರಗಳು ರಾಶಿಯಾಗಿವೆ. ಅವನ್ನು ತಾಣಕ್ಕೆ ತರಬಹುದೇ?

ರಾಯಚೂರಿನಿಂದ

ತರಬಹುದು, ಆದರೆ ಗುಂಪಿನಲ್ಲಿ ಮೊದಲೇ ತಿಳಿಸಿ, ಬೇಡವೆಂದವರದನ್ನು ಬಿಟ್ಟುಬಿಡಿ. ಹೆಸರು, ಮೊಬೈಲ್ ಸಂಖ್ಯೆ, ಅರ್ಜಿ ಸಂಖ್ಯೆ, ಊರು ಎಲ್ಲವನ್ನೂ ತೆಗೆಯಿರಿ. ಸ್ಕ್ರೀನ್‌ಶಾಟ್‌ಗಳನ್ನು ಹಾಗೆಯೇ ಹಾಕದೆ ಹೊಸದಾಗಿ ತೆಗೆಯಿರಿ, ಏಕೆಂದರೆ ಮೂಲೆಯಲ್ಲೆಲ್ಲೋ ಒಬ್ಬರ ಹೆಸರು ಇದ್ದೇ ಇರುತ್ತದೆ. ಒಂದೇ ತೊಂದರೆಯ ಹತ್ತಾರು ಪ್ರಶ್ನೆಗಳನ್ನು ಹತ್ತಾರು ಪುಟ ಮಾಡದೆ ಒಂದೇ ಪುಟದಲ್ಲಿ ಸೇರಿಸಿ. ಹಾಕುವ ಮುನ್ನ ಪ್ರತಿ ಉತ್ತರವನ್ನೂ ಯಾರಾದರೊಬ್ಬರು ಇಂದಿನ ಮೊಬೈಲಿನಲ್ಲಿ ಮಾಡಿ ನೋಡಬೇಕು. ಈ ಕೆಲಸವನ್ನು ಇನ್ನೂ ಬರೆಯದ ನಿಮ್ಮ ಸದಸ್ಯರಿಗೆ ತಲಾ ಒಂದೊಂದು ಉತ್ತರದಂತೆ ಹಂಚಿ, ಪರಿಶೀಲಿಸಿದವರ ಹೆಸರನ್ನು, ಅವರು ಒಪ್ಪಿದರೆ, ಪುಟದ ಕೆಳಗೆ ಹಾಕಿ. ಫೋಟೋ ಗಾತ್ರ ಇಳಿಸುವುದು, ಒಟಿಪಿ ಬಾರದಿರುವುದು, ಮೊಬೈಲಿನ ಮೆಮೊರಿ ತುಂಬಿರುವುದು ಇವುಗಳಿಂದ ಆರಂಭಿಸಿ. ಯಾವ ತಿಂಗಳಾದರೂ ಇವನ್ನು ಹುಡುಕುವವರು ಇದ್ದೇ ಇರುತ್ತಾರೆ.